‘ಲಾರ್ಗೊ’: ಉದ್ದವೋ, ಅಗಲವೋ?

ಸ್ಪೇನ್‌ನಲ್ಲಿ ಹುಟ್ಟುವ ತಾಹೊ ನದಿ ಸುಮಾರು 1,000 ಕಿ.ಮೀ. ಹರಿದು ಪೋರ್ಚುಗಲ್‌ನ ಲಿಸ್ಬನ್ ಬಳಿ ಸಮುದ್ರ ಸೇರುತ್ತದೆ. ಸ್ಪೇನ್‌ನವರು ಈ ನದಿಯನ್ನು ‘ಲಾರ್ಗೊ’ ಎಂದರೆ ಅದು ಉದ್ದವಾಗಿದೆ ಎಂದರ್ಥ. ಪೋರ್ಚುಗಲ್‌ನವರು ಅದೇ ಪದವನ್ನು ಹೇಳಿದರೆ ಅಗಲವಾಗಿದೆ ಎಂದರ್ಥ. ‘ಲಾರ್ಗುರಾ’ ಎಂಬ ನಾಮಪದವೂ ಹೀಗೆಯೇ: ಅಲ್ಲಿ ಉದ್ದಳತೆ, ಇಲ್ಲಿ ಅಗಲಳತೆ.

ಎರಡೂ ಭಾಷೆಗಳ ತಾಯಿ ಲ್ಯಾಟಿನ್. ಅಲ್ಲಿನ ‘ಲಾರ್ಗುಸ್’ ಎಂಬ ವಿಶೇಷಣಕ್ಕೆ ಉದ್ದ, ಅಗಲ ಎರಡೂ ಮೂಲ ಅರ್ಥಗಳಲ್ಲ. ನಮ್ಮ ‘ಧಾರಾಳ’ ಅದಕ್ಕೆ ಹತ್ತಿರದ ಪದ. ಧಾರಾಳ ಮನಸ್ಸು ಎಂದರೆ ಉದಾರತೆ, ಧಾರಾಳ ನೀರು ಎಂದರೆ ಸಮೃದ್ಧಿ. ಸಮೃದ್ಧವಾದುದು ಹರಡಿಕೊಂಡಿರುತ್ತದೆ. ಇಟಾಲಿಯನ್, ಫ್ರೆಂಚ್, ಪೋರ್ಚುಗೀಸ್, ರೊಮೇನಿಯನ್ ಭಾಷೆಗಳು ಈ ಹರಡುವಿಕೆಯನ್ನು ಅಗಲವೆಂದು ಕಂಡವು. ಸ್ಪ್ಯಾನಿಷ್ ಮತ್ತು ಕೆಟಲಾನ್ ಉದ್ದವೆಂದು ಕಂಡವು. ಫ್ರೆಂಚ್ ಮೂಲಕ ಇಂಗ್ಲಿಷ್‌ಗೆ ಬಂದ ‘ಲಾರ್ಜ್’ ಕೊನೆಗೆ ‘ದೊಡ್ಡ’ ಎಂದಾಯಿತು.

ಒಂದು ಪದ ಜಾಗ ಬದಲಿಸಿದರೆ ಪಕ್ಕದ ಪದಗಳೂ ಕದಲುತ್ತವೆ. ಲ್ಯಾಟಿನ್‌ನಲ್ಲಿ ಉದ್ದಕ್ಕೆ ‘ಲೊಂಗುಸ್’ ಎಂಬ ಪದವಿತ್ತು. ಇಟಾಲಿಯನ್‌ನಲ್ಲಿ ಅದು ಇಂದಿಗೂ ‘ಲುಂಗೊ’ ಆಗಿ ಬಳಕೆಯಲ್ಲಿದೆ. ಸ್ಪ್ಯಾನಿಷ್‌ನಲ್ಲಿ ಆ ಸ್ಥಾನವನ್ನು ‘ಲಾರ್ಗೊ’ ಹಿಡಿದದ್ದರಿಂದ ‘ಲುಎಂಗೊ’ ಹಳೆಯ ಪದವಾಗಿ ಮೂಲೆ ಸೇರಿತು. ಅಗಲಕ್ಕೆ ‘ಆಂಚೊ’ ಎಂಬ ಬೇರೆ ಪದ ಬಂತು.

ಹಾಗೆಂದು ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. ಧಾರಾಳವಾಗಿ ಕೊಡುವ ಗುಣಕ್ಕೆ ಫ್ರೆಂಚ್‌ನಲ್ಲಿ ‘ಲಾರ್ಜೆಸ್’, ಸ್ಪ್ಯಾನಿಷ್‌ನಲ್ಲಿ ‘ಲಾರ್ಗೆಸಾ’ ಎಂಬ ಪದಗಳು ಉಳಿದಿವೆ.

ಇಂಥದೇ ಒಂದು ಪದ ನಮ್ಮ ನಡುವೆಯೂ ಇದೆ: ‘ಗರೀಬ್’. ಅರಬಿಯಲ್ಲಿ ಇದರ ಅರ್ಥ ಅಪರಿಚಿತ, ಪರಸ್ಥಳದವ, ವಿಚಿತ್ರ. ಉರ್ದುವಿನಲ್ಲಿ, ನಮ್ಮ ಆಡುಮಾತಿನಲ್ಲಿ ‘ಬಡವ’. ಊರು ಬಿಟ್ಟು ಬಂದವನಿಗೆ ಆಸರೆ ಇರುವುದಿಲ್ಲ. ಅರ್ಥ ಆ ದಾರಿಯಲ್ಲಿ ಸರಿದಿದೆ. ಉರ್ದುವಿನ ‘ಅಜೀಬೊ ಗರೀಬ್’ ಎಂಬ ಜೋಡುನುಡಿಯಲ್ಲಿ ಮಾತ್ರ ಹಳೆಯ ‘ವಿಚಿತ್ರ’ ಹಾಗೇ ಉಳಿದಿದೆ.

ಉರ್ದು ಬಲ್ಲವರು ಅರಬಿ ಕಲಿಯುವಾಗ ಎಡವುವುದು ಇಲ್ಲಿಯೇ. ಈ ಲೋಕದಲ್ಲಿ ‘ಗರೀಬ್’ನಂತೆ ಬಾಳಬೇಕೆನ್ನುವ ಪ್ರಸಿದ್ಧ ಹದೀಸ್‌ನಲ್ಲಿ ಆ ಪದವನ್ನು ‘ಬಡವ’ ಎಂದು ಓದಿದರೆ ತಾತ್ಪರ್ಯವೇ ಬದಲಾಗುತ್ತದೆ. ಅಲ್ಲಿ ಹೇಳಿರುವುದು ಬಡತನವನ್ನಲ್ಲ, ಇದು ನಮ್ಮ ಖಾಯಂ ಊರಲ್ಲ ಎಂಬುದನ್ನು.

ಹೊಸ ಭಾಷೆಯಲ್ಲಿ ಗೊತ್ತಿಲ್ಲದ ಪದ ಕಂಡರೆ ನಾವು ತಪ್ಪದೆ ನಿಘಂಟು ತೆರೆಯುತ್ತೇವೆ. ಗೊತ್ತಿದೆ ಎನಿಸುವ ಪದಕ್ಕೂ ಒಮ್ಮೆ ತೆರೆಯುವುದು ಒಳ್ಳೆಯದು.