ಎರವಲಿನ ಲೆಕ್ಕದಾಚೆಗೆ ಗ್ರಂಥಪಾಲಕರ ಬೆಲೆ

ಪುಸ್ತಕ, ನಿಯತಕಾಲಿಕ, ಸಂಶೋಧನಾ ಲೇಖನ, ದತ್ತಾಂಶ ಮೊದಲಾದವನ್ನು ಸಂಗ್ರಹಿಸಿ, ವರ್ಗೀಕರಿಸಿ, ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ ಹುಡುಕಿಕೊಡುವ ಗ್ರಂಥಪಾಲಕರು, ದಾಖಲೆಪಾಲಕರು ಮತ್ತು ಶೋಧತಜ್ಞರನ್ನು ಒಟ್ಟಾಗಿ ಮಾಹಿತಿ ವೃತ್ತಿಪರರೆಂದು ಕರೆಯಲಾಗುತ್ತದೆ. ಅಂತರಜಾಲ ಎಲ್ಲರ ಕೈಗೆ ಎಟುಕಿದ ಮೇಲೆ ಇವರ ಅಗತ್ಯವೇನೆಂಬ ಪ್ರಶ್ನೆ ಆಡಳಿತ ಮಂಡಳಿಗಳಲ್ಲಿ ಮತ್ತೆ ಮತ್ತೆ ಏಳುತ್ತಿದ್ದು, ಅದಕ್ಕೆ ಸಂಗ್ರಹದ ಗಾತ್ರವನ್ನೂ ಎರವಲು ಕೊಟ್ಟ ಪುಸ್ತಕಗಳ ಸಂಖ್ಯೆಯನ್ನೂ ಉತ್ತರವಾಗಿ ಮುಂದಿಟ್ಟರೆ ಸಾಲದಾಗಿದೆ. ಸರಿಯಾದ ಉತ್ತರ ಯಾವ ಬಗೆಯದಾಗಿರಬೇಕು ಎಂಬುದನ್ನು ಅಮೆರಿಕದ ಆಸ್ಪತ್ರೆ ಗ್ರಂಥಪಾಲಕರ ಅನುಭವ ಸ್ಪಷ್ಟವಾಗಿ ತೋರಿಸುತ್ತದೆ.

ಮುಖ್ಯವಾಗಿ ಹಿರಿಯ ನಾಗರಿಕರ ಚಿಕಿತ್ಸಾ ವೆಚ್ಚವನ್ನು ಸರ್ಕಾರ ಭರಿಸುವ ಮೆಡಿಕೇರ್ ಯೋಜನೆಗೆ ಸೇರಬಯಸುವ ಆಸ್ಪತ್ರೆಗಳಲ್ಲಿ ವೈದ್ಯಕೀಯ ಗ್ರಂಥಾಲಯ ಇರಬೇಕೆಂಬ ನಿಯಮವನ್ನು ಅಮೆರಿಕ ಸರ್ಕಾರ 1986ರಲ್ಲಿ ಕೈಬಿಟ್ಟಿತು. ಕಾನೂನಿನ ಆಸರೆ ತಪ್ಪಿದಾಗ ಗ್ರಂಥಾಲಯಗಳು ತಮ್ಮ ಉಪಯೋಗವನ್ನು ತಾವೇ ಸಾಬೀತುಪಡಿಸಿ ತೋರಿಸಬೇಕಾಯಿತು. ಸಂಶೋಧಕಿ ಜೋಆನ್ ಮಾರ್ಷಲ್ ಅವರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಪ್ರದೇಶದ 15 ಆಸ್ಪತ್ರೆಗಳಲ್ಲಿ ನಡೆಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಿಕ್ಕಿನಲ್ಲಿ ದಾರಿ ತೋರಿತು. ಗ್ರಂಥಾಲಯದ ಬಗ್ಗೆ ತೃಪ್ತಿ ಇದೆಯೇ ಎಂದು ಕೇಳುವ ಬದಲು, ವೈದ್ಯರು ತಮ್ಮ ಒಂದು ನೈಜ ಪ್ರಕರಣಕ್ಕಾಗಿ ಗ್ರಂಥಾಲಯದಿಂದ ಮಾಹಿತಿ ಪಡೆದು, ಅದರಿಂದ ಚಿಕಿತ್ಸೆಯಲ್ಲಿ ಏನು ಬದಲಾಯಿತೆಂದು ತಿಳಿಸುವಂತೆ ಈ ಅಧ್ಯಯನವನ್ನು ರೂಪಿಸಲಾಗಿತ್ತು. ಉತ್ತರಿಸಿದ 208 ವೈದ್ಯರಲ್ಲಿ ಶೇ. 80ರಷ್ಟು ಮಂದಿ ರೋಗಿಯ ಆರೈಕೆಯ ಯಾವುದಾದರೊಂದು ಅಂಶವನ್ನು ಆ ಮಾಹಿತಿಯಿಂದಾಗಿ ಬೇರೆ ರೀತಿಯಲ್ಲಿ ನಿರ್ವಹಿಸಿದ್ದಾಗಿ ಹೇಳಿದರು. ಪರೀಕ್ಷೆಗಳ ಆಯ್ಕೆ, ಔಷಧದ ಆಯ್ಕೆ, ರೋಗಿಗೆ ನೀಡಿದ ಸಲಹೆ ಹೀಗೆ ಬದಲಾದವುಗಳಲ್ಲಿ ಸೇರಿದ್ದವು. ಇದೇ ಮಾದರಿಯನ್ನು ವಿಸ್ತರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 118 ಆಸ್ಪತ್ರೆಗಳಿಗೆ ಸೇವೆ ನೀಡುವ ಗ್ರಂಥಾಲಯಗಳನ್ನು ಬಳಸುವ 16,122 ವೈದ್ಯರು ಮತ್ತು ದಾದಿಯರು ಉತ್ತರಿಸಿದ್ದು, ಅವರಲ್ಲಿ ಶೇ. 75ರಷ್ಟು ಮಂದಿಯ ಅನುಭವವೂ ಹಾಗೆಯೇ ಇತ್ತು. ಇವು ಬಳಕೆದಾರರೇ ಹೇಳಿಕೊಂಡ ಮಾತುಗಳಾದ್ದರಿಂದ ಅಂತಿಮ ಪುರಾವೆಯಾಗಲಾರವಾದರೂ, ಗ್ರಂಥಾಲಯ ಏನು ಮಾಡಿತು ಎಂಬುದರಿಂದ ಓದುಗನ ನಿರ್ಧಾರದಲ್ಲಿ ಏನು ಬದಲಾಯಿತು ಎಂಬುದರ ಕಡೆಗೆ ಲೆಕ್ಕವನ್ನು ತಿರುಗಿಸಿದ್ದು ಇವುಗಳ ದೊಡ್ಡ ಕೊಡುಗೆ.

ಇಂಥ ಪರಿಣಾಮ ಕಾಣಬೇಕಾದರೆ ಗ್ರಂಥಪಾಲಕರು ನಿರ್ಧಾರ ನಡೆಯುವ ಜಾಗದಲ್ಲಿಯೇ ಇರಬೇಕಾಗುತ್ತದೆ. ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ವೈದ್ಯಕೀಯ ಶಾಲೆಯಲ್ಲಿ ಗರ್ಟ್ರೂಡ್ ಲ್ಯಾಂಬ್ 1970ರ ದಶಕದ ಆರಂಭದಲ್ಲಿ ರೂಪಿಸಿದ ಚಿಕಿತ್ಸಾ ಗ್ರಂಥಪಾಲನೆಯ ಹಿಂದೆ ಇದ್ದದ್ದು ಈ ವಿಚಾರವೇ. ಅಲ್ಲಿ ಗ್ರಂಥಪಾಲಕರು ವೈದ್ಯರೊಡನೆ ವಾರ್ಡುಗಳಲ್ಲಿ ಸುತ್ತಾಡಿ, ಅಲ್ಲಿ ಎದ್ದ ಪ್ರಶ್ನೆಗಳಿಗೆ ಸಂಬಂಧಿಸಿದ ಲೇಖನಗಳನ್ನು ತಾವಾಗಿ ಹುಡುಕಿ ತಂದುಕೊಡುತ್ತಿದ್ದರು. ಮುಂದೆ 1997ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ತನ್ನ ಪಬ್‌ಮೆಡ್ ಶೋಧ ವ್ಯವಸ್ಥೆಯನ್ನು ಎಲ್ಲರಿಗೂ ಉಚಿತವಾಗಿ ತೆರೆದಾಗ, ವೈದ್ಯರೇ ಹುಡುಕಿಕೊಳ್ಳಬಲ್ಲರಾದ್ದರಿಂದ ಶೋಧತಜ್ಞರ ಕಾಲ ಮುಗಿಯಿತೆಂಬ ಭಾವನೆ ಮೂಡುವುದು ಸಹಜವಾಗಿತ್ತು.

ಆ ಭಾವನೆ ಎಷ್ಟು ಅಪಾಯಕಾರಿ ಎಂಬುದನ್ನು 2001ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಸ್ತಮಾ ಸಂಶೋಧನೆಯಲ್ಲಿ ಸಂಭವಿಸಿದ ಸಾವು ತೋರಿಸಿತು. ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಒಳಗೆಳೆದುಕೊಂಡ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿಯೊಬ್ಬರು ಶ್ವಾಸಕೋಶ ಹಾನಿಯಿಂದ ತೀರಿಕೊಂಡರು. ಆ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯ ಉಂಟುಮಾಡಬಲ್ಲದೆಂಬ ಸೂಚನೆ 1950ರ ದಶಕದ ಲೇಖನಗಳಲ್ಲಿತ್ತು. ಆದರೆ ಆಗ ಪಬ್‌ಮೆಡ್‌ನ ದಾಖಲೆಗಳು 1966ರಿಂದ ಈಚಿನವಾಗಿದ್ದವು, ಸಂಶೋಧಕರ ಹುಡುಕಾಟಕ್ಕೆ ಹಳೆಯ ಲೇಖನಗಳು ಸಿಗಲಿಲ್ಲ. ಯಾವ ಆಕರದಲ್ಲಿ ಏನಿಲ್ಲ ಎಂಬುದನ್ನು ಬಲ್ಲವರು ಶೋಧದಲ್ಲಿ ಏಕೆ ಇರಬೇಕೆಂಬುದಕ್ಕೆ ಇದಕ್ಕಿಂತ ನೋವಿನ ಪುರಾವೆ ಬೇಕಿಲ್ಲ. ಒಂದು ಪ್ರಶ್ನೆಗೆ ಸಂಬಂಧಿಸಿದ ಎಲ್ಲ ಸಂಶೋಧನೆಗಳನ್ನೂ ನಿಗದಿತ ವಿಧಾನದಿಂದ ಹುಡುಕಿ, ತೂಗಿ, ಒಟ್ಟು ತೀರ್ಮಾನಕ್ಕೆ ಬರುವ ವ್ಯವಸ್ಥಿತ ವಿಮರ್ಶೆ ಎಂಬ ಅಧ್ಯಯನ ಪದ್ಧತಿಯಲ್ಲಿ ಗ್ರಂಥಪಾಲಕರು ಇಂದು ಶೋಧತಂತ್ರದ ರಚನಕಾರರಾಗಿ, ಹಲವೊಮ್ಮೆ ಸಹಲೇಖಕರಾಗಿಯೂ ಪಾಲ್ಗೊಳ್ಳುತ್ತಿದ್ದಾರೆ.

ಭಾರತದ ಗ್ರಂಥಪಾಲಕರಿಗೂ ಈ ಪಾಠ ಈಗ ತುರ್ತಿನದು. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ ಮೂರು ವರ್ಷಗಳಿಗೆ ಸುಮಾರು 6,000 ಕೋಟಿ ರೂಪಾಯಿ ವೆಚ್ಚದಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಒಟ್ಟಾಗಿ ದೊರೆಯುತ್ತವೆ. ಚಂದಾ ಕಟ್ಟುವುದನ್ನೇ ಮುಖ್ಯ ಕೆಲಸವೆಂದುಕೊಂಡವರಿಗೆ ಇದರಿಂದ ಕೆಲಸ ಕಡಿಮೆಯಾಗಬಹುದು. ಆದರೆ ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಗೆ ಅಷ್ಟೊಂದು ಲೇಖನಗಳ ನಡುವೆ ತನಗೆ ಬೇಕಾದುದನ್ನು ಹುಡುಕುವ, ನಂಬಲರ್ಹವಾದುದನ್ನು ಬೇರ್ಪಡಿಸುವ ವಿದ್ಯೆ ಕಲಿಸುವ ಕೆಲಸ ಆರಂಭವಾಗುವುದೇ ಇಲ್ಲಿಂದ. ಪಾತ್ರ ಹಿಗ್ಗಿಸಿಕೊಂಡ ಉದಾಹರಣೆ ಕರ್ನಾಟಕದಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಹಿತಿ ವೃತ್ತಿಪರರು 2002ರಲ್ಲಿ ಇಪ್ರಿಂಟ್ಸ್ ಎಂಬ ಸಾಂಸ್ಥಿಕ ಭಂಡಾರವನ್ನು, ಎಂದರೆ ಸಂಸ್ಥೆಯ ವಿಜ್ಞಾನಿಗಳ ಲೇಖನಗಳನ್ನು ಅಂತರಜಾಲದಲ್ಲಿ ಕಾಪಿಡುವ ವ್ಯವಸ್ಥೆಯನ್ನು ಆರಂಭಿಸಿ, ಹೊರಗಿನ ಜ್ಞಾನವನ್ನು ಕೊಂಡು ತರುವುದರ ಜೊತೆಗೆ ಒಳಗಿನ ಜ್ಞಾನವನ್ನು ಲೋಕಕ್ಕೆ ತಲುಪಿಸುವ ಹೊಣೆಯನ್ನೂ ವಹಿಸಿಕೊಂಡರು.

ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು 1931ರಲ್ಲಿ ಪ್ರಕಟಿಸಿ, 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಎಸ್. ಆರ್. ರಂಗನಾಥನ್ ಅವರ ನಾಲ್ಕನೆಯ ಸೂತ್ರ ಓದುಗನ ಸಮಯ ಉಳಿಸಬೇಕೆನ್ನುತ್ತದೆ. ಎಷ್ಟು ಸಮಯ ಉಳಿಯಿತು, ಯಾವ ತಪ್ಪು ತಪ್ಪಿತು, ಯಾವ ನಿರ್ಧಾರ ಬದಲಾಯಿತು ಎಂಬುದನ್ನು ಓದುಗರಿಂದಲೇ ಕೇಳಿ ಬರೆದಿಡುವ ಪದ್ಧತಿ ಪ್ರತಿಯೊಂದು ಗ್ರಂಥಾಲಯದಲ್ಲಿಯೂ ಮೊದಲಾಗಬೇಕು. ಆಡಳಿತ ಮಂಡಳಿಗಳು ಅನುದಾನ ಕಡಿತದ ಮಾತೆತ್ತುವ ಮುನ್ನ ಆ ದಾಖಲೆಯನ್ನು ಓದಬೇಕು.