ಬೈಪಾಸ್ ಆದ ಮೇಲೆ ಹಳೆಯ ಪದ್ಮಿನಿ: ಮನೆಯ ಶೆಡ್ಡಿನಲ್ಲಿ ಏನು ಮಾಡಬಹುದು, ಏನು ಕೂಡದು

ಬೆಂಗಳೂರು: ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳುವವರ ಕೈಗೆ ಆಸ್ಪತ್ರೆಯವರು ಕೊಡುವ ಹಾಳೆಯಲ್ಲಿ 'ಕೂಡದು'ಗಳೇ ಹೆಚ್ಚು. ಭಾರ ಎತ್ತಕೂಡದು, ವಾಹನ ಓಡಿಸಕೂಡದು, ಕೈಯೂರಿ ಏಳಕೂಡದು, ಮಗ್ಗುಲಾಗಿ ಮಲಗುವಾಗಲೂ ಎಚ್ಚರ. ಮೂವತ್ತು ನಲವತ್ತು ವರ್ಷ ಒಂದೇ ಸಮನೆ ದುಡಿದು ನಿವೃತ್ತರಾದವರಿಗೆ ಈ ಎರಡು ಮೂರು ತಿಂಗಳು ನೋವಿಗಿಂತ ಬೇಸರದಿಂದಲೇ ಉದ್ದವಾಗಿ ಕಾಣುತ್ತವೆ. ಅಂಥ ಮನೆಯ ಹಿತ್ತಲಿನಲ್ಲಿ ಟಾರ್ಪಾಲು ಹೊದ್ದ ಹಳೆಯ ಪ್ರೀಮಿಯರ್ ಪದ್ಮಿನಿಯೊಂದು ಹತ್ತಾರು ವರ್ಷಗಳಿಂದ ನಿಂತಿದ್ದರೆ, 'ಈಗಲಾದರೂ ಇದನ್ನು ಸರಿಮಾಡೋಣ' ಎಂಬ ಆಸೆ ಹುಟ್ಟುವುದು ಸಹಜ. 'ಮೊದಲು ನಿಮ್ಮ ಎದೆ ಸರಿಹೋಗಲಿ' ಎಂದು ಮನೆಯವರು ಗದರುವುದೂ ಅಷ್ಟೇ ಸಹಜ.

ಇಬ್ಬರ ಮಾತಿನಲ್ಲೂ ಸತ್ಯವಿದೆ. ಕಾರಿನ ಕೆಲಸವೆಲ್ಲವೂ ಗುಂಡಿಗೆಗೆ ಅಪಾಯವಲ್ಲ. ಎಲ್ಲವೂ ನಿರಪಾಯವೂ ಅಲ್ಲ. ಯಾವ ಕೆಲಸ, ಯಾವ ವಾರದಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೂಳೆ ಕೂಡುವ ಲೆಕ್ಕ

ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದೆಯ ನಡುವಿನ ಚಪ್ಪಟೆ ಮೂಳೆಯನ್ನು ಉದ್ದಕ್ಕೆ ಸೀಳಿ, ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಗಳಿಂದ ಬಿಗಿದು ಕಟ್ಟುತ್ತಾರೆ. ಹೊರಗಿನ ಚರ್ಮ ಎರಡು ಮೂರು ವಾರಗಳಲ್ಲಿ ಕೂಡಿಕೊಂಡು 'ಎಲ್ಲ ಸರಿಹೋಯಿತು' ಎಂಬ ಭ್ರಮೆ ಹುಟ್ಟಿಸುತ್ತದೆ. ಒಳಗಿನ ಮೂಳೆಯ ಕಥೆ ಬೇರೆ. ಅದು ಒಂದು ಹದಕ್ಕೆ ಕೂಡಲು ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕು. ಮಧುಮೇಹಿಗಳಲ್ಲಿ, ಧೂಮಪಾನಿಗಳಲ್ಲಿ ಇನ್ನೂ ತಡವಾಗಬಹುದು. ಅಲ್ಲಿಯವರೆಗೆ ಆ ಎರಡು ಹೋಳುಗಳನ್ನು ಹಿಡಿದಿಟ್ಟಿರುವುದು ತಂತಿಯೇ.

ಆದ್ದರಿಂದಲೇ ಮೊದಲ ಆರೆಂಟು ವಾರ ನಾಲ್ಕೈದು ಕಿಲೋಗಿಂತ ಹೆಚ್ಚು ಭಾರ ಎತ್ತಬಾರದೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಕಾರಿನ ಭಾಷೆಯಲ್ಲಿ ಇದರ ಅರ್ಥವೇನು? ಬ್ಯಾಟರಿ ಹತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಟೈರು ಸಮೇತ ಒಂದು ಚಕ್ರ ಅದಕ್ಕೂ ಹೆಚ್ಚು. ಎರಡಕ್ಕೂ ಕೈ ಹಚ್ಚುವಂತಿಲ್ಲ. ಎತ್ತುವುದಕ್ಕಿಂತ ಮೋಸದ ಕೆಲಸ ಎಳೆಯುವುದು ಮತ್ತು ತಳ್ಳುವುದು. ತುಕ್ಕು ಹಿಡಿದ ನಟ್ಟಿಗೆ ಸ್ಪ್ಯಾನರ್ ಹಾಕಿ ದಮ್ಮು ಕಟ್ಟಿ ಎಳೆದಾಗ ಎದೆಯ ಎರಡೂ ಪಕ್ಕದ ಸ್ನಾಯುಗಳು ಮೂಳೆಯನ್ನು ಎರಡು ದಿಕ್ಕಿಗೆ ಜಗ್ಗುತ್ತವೆ. ಎತ್ತಿದ ಭಾರ ಸೊನ್ನೆ, ಬಿದ್ದ ಬಲ ಮಾತ್ರ ಅಪಾರ. ನಿಂತ ಕಾರನ್ನು ಶೆಡ್ಡಿನಿಂದ ಹೊರಗೆ ತಳ್ಳುವುದಂತೂ ದೂರವೇ ಉಳಿಯಿತು. ಪದ್ಮಿನಿಯ ತೂಕ ಹೆಚ್ಚುಕಡಿಮೆ 900 ಕಿಲೋ.

ಕಾರಿನಡಿ ಮಲಗುವುದರ ತೊಡಕು ಬಹಳ ಜನರಿಗೆ ಹೊಳೆಯುವುದಿಲ್ಲ. ಮಲಗುವುದು ಸುಲಭ, ಏಳುವಾಗ ಕೈಯೂರಲೇಬೇಕು. ಹಾಸಿಗೆಯಿಂದ ಏಳಲೂ ಕೈಯೂರಬೇಡಿ ಎಂದು ಹೇಳಿಸಿಕೊಂಡವರು ನೆಲದಿಂದ ಏಳುವುದು ಹೇಗೆ?

ಮೇಜಿನ ಮೇಲಿನ ಕೆಲಸ

ಹಾಗಾದರೆ ಉಳಿದಿದ್ದೇನು ಎಂದರೆ, ಹಳೆಯ ಕಾರಿನ ಜೀರ್ಣೋದ್ಧಾರದಲ್ಲಿ ಅರ್ಧಕ್ಕರ್ಧ ಕುಳಿತು ಮಾಡುವ ಕೆಲಸವೇ. ಪದ್ಮಿನಿ ಇದಕ್ಕೆ ಒಳ್ಳೆಯ ಉದಾಹರಣೆ. ಇಟಲಿಯ ಫಿಯೆಟ್ 1100 ಮಾದರಿಯ ಈ ಕಾರು 1964ರಿಂದ ಮುಂಬೈಯಲ್ಲಿ 'ಫಿಯೆಟ್ 1100 ಡಿಲೈಟ್' ಆಗಿ ತಯಾರಾಗಿ, 1974ರ ಹೊತ್ತಿಗೆ 'ಪದ್ಮಿನಿ' ಎಂಬ ಹೆಸರು ಪಡೆಯಿತು. (ಅದರ ಮರುವರ್ಷ, 1975ರಲ್ಲಿ, ಭಾರತದ ಮೊದಲ ಯಶಸ್ವಿ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಚೆನ್ನೈನ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ನಡೆಸಿದರು. ಕಾರೂ ಚಿಕಿತ್ಸೆಯೂ ಹೆಚ್ಚುಕಡಿಮೆ ಒಂದೇ ಕಾಲದವು.) 1089 ಸಿಸಿಯ ನಾಲ್ಕು ಸಿಲಿಂಡರ್, ಒಂದು ಕಾರ್ಬ್ಯುರೇಟರ್, ಸ್ಟಿಯರಿಂಗ್ ಪಕ್ಕದ ಗೇರ್ ಹಿಡಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕೈಗೂ ಕಣ್ಣಿಗೂ ಎಟಕದ ಗುಟ್ಟು ಅದರಲ್ಲಿ ಯಾವುದೂ ಇಲ್ಲ.

ಮಗನೋ ಪರಿಚಯದ ಮೆಕ್ಯಾನಿಕ್ಕೋ ಕಾರ್ಬ್ಯುರೇಟರನ್ನು ಬಿಚ್ಚಿ ಮೇಜಿನ ಮೇಲಿಟ್ಟರೆ ಒಂದು ವಾರದ ಕೆಲಸ ಸಿಕ್ಕಿದಂತೆ. ವರ್ಷಗಟ್ಟಲೆ ನಿಂತ ಪೆಟ್ರೋಲು ಆವಿಯಾಗಿ ಬಟ್ಟಲಿನ ತಳದಲ್ಲಿ ಕಂದು ಬಣ್ಣದ ಅಂಟಾಗಿ ಕೂತಿರುತ್ತದೆ. ಕೂದಲೆಳೆಯಷ್ಟು ಕಿರಿದಾದ ಜೆಟ್ಟುಗಳ ರಂಧ್ರ ಮುಚ್ಚಿರುತ್ತದೆ. ಅವನ್ನು ನೆನೆಸಿಟ್ಟು, ಮೃದುವಾದ ಬ್ರಷ್ಷಿನಿಂದ ಉಜ್ಜಿ, ಗಾಳಿ ಹೊಡೆದು ಬಿಡಿಸಬೇಕು. ಅವಸರಕ್ಕೆ ಉಕ್ಕಿನ ಸೂಜಿ ತೂರಿಸಿದರೆ ಹಿತ್ತಾಳೆಯ ರಂಧ್ರ ಹಿಗ್ಗಿ, ಕಾರು ಮುಂದೆ ಪೆಟ್ರೋಲು ಕುಡಿಯುತ್ತಲೇ ಇರುತ್ತದೆ. ಅವಸರವಿಲ್ಲದವರಿಗೇ ಒಪ್ಪುವ ಕೆಲಸ ಇದು. ಚೇತರಿಸಿಕೊಳ್ಳುತ್ತಿರುವವರಿಗೆ ಸಮಯಕ್ಕೇನು ಬರ?

ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಉಜ್ಜಿ ಅಂತರ ಹೊಂದಿಸುವುದು, ವೈಪರ್ ಮೋಟಾರು, ಬಾಗಿಲ ಹಿಡಿ, ಮೀಟರು, ದೀಪದ ಹೋಲ್ಡರುಗಳು, ಲೋಹದ ಲಾಂಛನಗಳು ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಬಿಚ್ಚುವ ಮೊದಲು ಫೋಟೋ ತೆಗೆದು, ತಿರುಪುಗಳನ್ನು ಪುಟ್ಟ ಪೊಟ್ಟಣಗಳಲ್ಲಿ ಹಾಕಿ ಹೆಸರು ಬರೆದಿಡುವುದು ಒಳ್ಳೆಯ ಅಭ್ಯಾಸ. ಅಡುಗೆಮನೆಯಿಂದ ನಿವೃತ್ತಿ ಪಡೆದ ಇಡ್ಲಿ ತಟ್ಟೆ ಸಿಕ್ಕರೆ ಇನ್ನೂ ಅನುಕೂಲ, ಒಂದೊಂದು ಗುಳಿಗೆ ಒಂದೊಂದು ಭಾಗದ ತಿರುಪು. ಬರೆದಿಡಿ ಎಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ದೊಡ್ಡ ಹೃದಯ ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಕೆಲವರಲ್ಲಿ ಮರೆವು, ಏಕಾಗ್ರತೆಯ ಕೊರತೆ ಕಾಣಿಸಿಕೊಳ್ಳುತ್ತದೆ. ನಿನ್ನೆ ಬಿಚ್ಚಿದ್ದು ಇಂದು ನೆನಪಿಗೆ ಬಾರದಿದ್ದರೆ ಗಾಬರಿಪಡಬೇಕಿಲ್ಲ. ಬಹುತೇಕರಲ್ಲಿ ಅದು ಕ್ರಮೇಣ ತಿಳಿಯಾಗುತ್ತದೆ.

ಕುಳಿತು ಮಾಡುವ ಕೆಲಸಕ್ಕೂ ಮಿತಿಯಿದೆ. ಹಲವರಲ್ಲಿ ಬೈಪಾಸಿಗೆ ಬೇಕಾದ ರಕ್ತನಾಳವನ್ನು ಕಾಲಿನಿಂದ ತೆಗೆದಿರುತ್ತಾರೆ. ಆ ಕಾಲನ್ನು ಇಳಿಬಿಟ್ಟು ಗಂಟೆಗಟ್ಟಲೆ ಕುಳಿತರೆ ಬಾವು ಬರುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು, ಕುಳಿತಾಗ ಕಾಲನ್ನು ಸ್ಟೂಲಿನ ಮೇಲಿಡಬೇಕು. ಕಾರಿನ ಕೆಲಸ ವೈದ್ಯರು ಹೇಳಿದ ನಡಿಗೆಗೆ ಬದಲಿಯಲ್ಲ ಎಂಬುದನ್ನೂ ಹಲವರು ಮರೆಯುತ್ತಾರೆ. ಬೆಳಿಗ್ಗೆ ನಡಿಗೆ, ನಂತರ ಕಾರ್ಬ್ಯುರೇಟರ್.

ಗಾಯ ಚಿಕ್ಕದು, ರಕ್ತ ಹೆಚ್ಚು

ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ಮಾತ್ರೆಗಳು ಹೃದ್ರೋಗಿಗಳಿಗೆ ಸಾಮಾನ್ಯ. ಕೃತಕ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೂ ಪ್ರಬಲ ಔಷಧವನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಹಳೆಯ ತಗಡಿನ ಅಂಚು ಬೆರಳಿಗೆ ತಾಗಿದರೆ ರಕ್ತ ಸುಲಭಕ್ಕೆ ನಿಲ್ಲದು. ದಪ್ಪ ಕೈಗವಸು ತೊಡುವುದನ್ನು ಮೆಕ್ಯಾನಿಕ್ಕುಗಳು ಗೇಲಿ ಮಾಡಬಹುದು, ಮಾಡಲಿ. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿತ್ತು ಎಂಬುದನ್ನು ಮುಂಚೆಯೇ ವೈದ್ಯರಲ್ಲಿ ವಿಚಾರಿಸಿಕೊಳ್ಳುವುದು ಜಾಣತನ.

ಪೇಸ್‌ಮೇಕರ್ ಅಳವಡಿಸಿಕೊಂಡವರ ಮಾತು ಬೇರೆಯೇ. ಇಗ್ನಿಷನ್ ಕಾಯಿಲ್ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಕಿಡಿ ಹಾರಿಸುತ್ತದೆ. ಎಂಜಿನ್ ಚಾಲೂ ಇರುವಾಗ ಕಾಯಿಲ್, ಡಿಸ್ಟ್ರಿಬ್ಯೂಟರ್, ಪ್ಲಗ್ಗಿನ ತಂತಿಗಳಿಂದ ಎದೆಯನ್ನು ಕನಿಷ್ಠ ಒಂದಡಿ ದೂರವಿಡಬೇಕು, ಬ್ಯಾಟರಿ ಚಾರ್ಜರಿನಿಂದಲೂ ಅಷ್ಟೇ. ಟ್ಯೂನಿಂಗ್ ಮಾಡುವಾಗ ಬಾನೆಟ್ಟಿನೊಳಗೆ ಬಾಗಿ ಕಿವಿಗೊಡುವ ಹಳೆಯ ಚಾಳಿಯನ್ನು ಅವರು ಬಿಡಲೇಬೇಕು. ವೆಲ್ಡಿಂಗ್ ನಡೆಯುವ ಜಾಗಕ್ಕೆ, ವೈದ್ಯರನ್ನು ಕೇಳದೆ, ಹೋಗದಿರುವುದೇ ಲೇಸು.

ಕಣ್ಣಿಗೆ ಕಾಣದ ಶತ್ರುಗಳು

ಭಾರಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಗಾಳಿಗೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಆರೋಗ್ಯವಂತನಿಗೆ ಬರೀ ತಲೆನೋವು ತರುವ ಪ್ರಮಾಣವೇ ಹೃದ್ರೋಗಿಗೆ ಎದೆನೋವು ತರಬಹುದು. ಶೆಡ್ಡಿನ ಬಾಗಿಲು ತೆರೆದಿದ್ದರೆ ಸಾಲದು. ಎಂಜಿನ್ ಚಾಲೂ ಮಾಡುವುದಿದ್ದರೆ ಕಾರು ಬಯಲಿನಲ್ಲಿರಬೇಕು. ಥಿನ್ನರ್, ಪೆಟ್ರೋಲು ಆವಿಯೂ ಒಳ್ಳೆಯದಲ್ಲ. ಬಣ್ಣ ಹೊಡೆಯುವ ಕೆಲಸವನ್ನು ಹೊರಗಿನವರಿಗೆ ವಹಿಸಿಬಿಡುವುದು ಕ್ಷೇಮ, ಆ ದಿನ ಅಲ್ಲಿ ನಿಂತು ಸಲಹೆ ಕೊಡುವುದನ್ನೂ ಬಿಡಬೇಕು.

ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ ಬಿಚ್ಚಿದೊಡನೆ ಒಳಗಿನ ಕರಿಪುಡಿಯನ್ನು ಬಾಯಿಂದ ಊದುವುದು ನಮ್ಮ ಗ್ಯಾರೇಜುಗಳ ವಾಡಿಕೆ. ಆ ಪುಡಿ ಶ್ವಾಸಕೋಶಕ್ಕಿಳಿದರೆ ಮರಳಿ ಬರುವುದಿಲ್ಲ, ದಶಕಗಳ ನಂತರ ಕ್ಯಾನ್ಸರಿಗೂ ಕಾರಣವಾಗಬಲ್ಲದು. ನೀರು ಚಿಮುಕಿಸಿ ಒದ್ದೆಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿಂದಾಗಿ ಅದನ್ನೂ ಒಣಗಿದಂತೆಯೇ ಉಜ್ಜದೆ, ನೀರು ಹಚ್ಚಿ ವಾಟರ್ ಪೇಪರಿನಲ್ಲಿ ಉಜ್ಜುವುದು ಸರಿ.

ಬ್ರೇಕಿನ ವಿಚಾರದಲ್ಲಿ ಚೇತರಿಸಿಕೊಳ್ಳುತ್ತಿರುವವರಿಗೆ ಒಂದು ಒಳ್ಳೆಯ ಪಾತ್ರವಿದೆ. ಪೈಪಿನೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಕೆಳಗೆ ನಿಪ್ಪಲ್ ಸಡಿಲಿಸುತ್ತಾನೆ, ಇನ್ನೊಬ್ಬ ಸೀಟಿನಲ್ಲಿ ಕುಳಿತು 'ಒತ್ತಿ, ಹಿಡಿಯಿರಿ, ಬಿಡಿ' ಎಂದಾಗಲೆಲ್ಲ ಪೆಡಲ್ ತುಳಿಯುತ್ತಾನೆ. ಎರಡು ತಿಂಗಳು ಕಳೆದು ಕಾಲಿನ ಗಾಯ ಮಾಯ್ದಿದ್ದರೆ ಸೀಟಿನ ಕೆಲಸ ಹಿರಿಯರದ್ದೇ.

ಹೊಸ ಪೆಟ್ರೋಲು, ಹಳೆಯ ರಬ್ಬರು

ಬಂಕಿನಲ್ಲಿ ಈಗ ದೊರೆಯುವುದು ಪದ್ಮಿನಿ ಕುಡಿದು ಬೆಳೆದ ಪೆಟ್ರೋಲಲ್ಲ. 2023ರಿಂದ ಹಂತಹಂತವಾಗಿ ಬಂದ ಶೇ. 20 ಎಥೆನಾಲ್ ಮಿಶ್ರಣ 2025ರ ವೇಳೆಗೆ ದೇಶದೆಲ್ಲೆಡೆ ಹರಡಿತು. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಪೆಟ್ರೋಲು ಪೈಪು, ಪಂಪಿನ ಡಯಾಫ್ರಾಮು, ಕಾರ್ಬ್ಯುರೇಟರಿನ ಗ್ಯಾಸ್ಕೆಟ್ಟುಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಿಸದೆ ಚಾಲೂ ಮಾಡಿದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುವ ಅಪಾಯವಿದೆ. ಹಳೆಯ ಕಾರುಗಳು ಬೆಂಕಿಗೆ ತುತ್ತಾಗುವ ಹಾದಿಗಳಲ್ಲಿ ಇದೂ ಒಂದು.

ಬಿಡಿಭಾಗ ಹುಡುಕುವುದು ಕುರ್ಚಿಯಲ್ಲಿ ಕುಳಿತೇ ಆರಂಭವಾಗಬಲ್ಲ ಕೆಲಸ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ ಸಾಲುಗಳು ಇದಕ್ಕೆ ಹೆಸರುವಾಸಿ. ಮುಂಬೈಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ದುಡಿದ ಪದ್ಮಿನಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ನಿರ್ಗಮಿಸಿದವು. ಕಾರ್ಬ್ಯುರೇಟರ್ ಸದ್ದು ಕೇಳಿಯೇ ದೋಷ ಹೇಳಬಲ್ಲ ಮೆಕ್ಯಾನಿಕ್ಕುಗಳೂ ವಯಸ್ಸಾಗಿ ಕಡಿಮೆಯಾಗುತ್ತಿದ್ದಾರೆ. ಅಂಥವರೊಬ್ಬರು ಪರಿಚಯವಿದ್ದರೆ, ಬಿಡಿಭಾಗಕ್ಕಿಂತ ಅವರೇ ದೊಡ್ಡ ಆಸ್ತಿ.

ಕಾಗದಪತ್ರವನ್ನೂ ಈ ಬಿಡುವಿನಲ್ಲಿ ನೋಡಿಕೊಳ್ಳಬಹುದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದ ಮೇಲೆ ತಪಾಸಣೆಯೊಂದಿಗೆ ಐದೈದು ವರ್ಷಕ್ಕೆ ನವೀಕರಿಸಬೇಕು. ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರುಗಳಿಗೆ 2021ರ ಕೇಂದ್ರ ನಿಯಮದಂತೆ 'ವಿಂಟೇಜ್' ನೋಂದಣಿಯೂ ಲಭ್ಯ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಸಂಖ್ಯಾಫಲಕದಲ್ಲಿ 'ವಿಎ' ಗುರುತು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವಕ್ಕಷ್ಟೇ. ವಾರಕ್ಕೊಮ್ಮೆ ತರಕಾರಿಗೆ ಹೋಗುವ ಆಸೆಯಿದ್ದವರು ಯೋಚಿಸಿ ಅರ್ಜಿ ಹಾಕಬೇಕು.

ಮನಸ್ಸಿನ ಪಾಲು

ಹೃದಯ ಶಸ್ತ್ರಚಿಕಿತ್ಸೆಯ ನಂತರ ಖಿನ್ನತೆ ಅಪರೂಪವಲ್ಲ. ಕಾರಣವಿಲ್ಲದೆ ಕಣ್ಣೀರು, ನಿದ್ರೆಗೇಡು, 'ಇನ್ನು ನನ್ನಿಂದೇನಾಗುತ್ತದೆ' ಎಂಬ ಮಾತು. ಮನೆಯವರು ಇದನ್ನು ಸುಸ್ತು ಎಂದೇ ತಿಳಿಯುತ್ತಾರೆ. ಅಂಥ ದಿನಗಳಲ್ಲಿ ಮಧ್ಯಾಹ್ನದೊಳಗೆ ಮುಗಿಯುವ, ಮುಗಿದದ್ದು ಕಣ್ಣಿಗೆ ಕಾಣುವ ಒಂದು ಪುಟ್ಟ ಕೆಲಸದಿಂದ ಉಪಕಾರವಿದೆ. ಮಸಿ ಹಿಡಿದ ಬಾಗಿಲ ಹಿಡಿ ಸಂಜೆಗೆ ಹೊಳೆಯುತ್ತಿದ್ದರೆ ಆ ದಿನ ವ್ಯರ್ಥವಾಗಲಿಲ್ಲ ಎನಿಸುತ್ತದೆ. ಆದರೆ ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ ಅದು ಪಾಲಿಶಿನಿಂದ ಹೋಗುವಂಥದ್ದಲ್ಲ, ವೈದ್ಯರಿಗೆ ಹೇಳಲೇಬೇಕು.

ಕೆಲಸದ ನಡುವೆ ಎದೆಯಲ್ಲಿ 'ಕಟಕ್' ಎಂಬ ಸದ್ದು ಅಥವಾ ಮೂಳೆ ಅಲುಗಿದ ಅನುಭವ, ಗಾಯದಲ್ಲಿ ಕೀವು, ಜ್ವರ, ಉಸಿರಾಟದ ತೊಂದರೆ, ಬೆವರಿನೊಡನೆ ಎದೆನೋವು ಕಂಡರೆ ಸ್ಪ್ಯಾನರ್ ಕೆಳಗಿಟ್ಟು ಆಸ್ಪತ್ರೆಗೆ ಹೊರಡಬೇಕು. 'ಇದೊಂದು ನಟ್ಟು ಬಿಗಿದು ಬರುತ್ತೇನೆ' ಎನ್ನುವುದಕ್ಕೆ ಅಲ್ಲಿ ಆಸ್ಪದವಿಲ್ಲ.

ಕೊನೆಗೆ ಸ್ಟಿಯರಿಂಗ್

ವಾಹನ ಓಡಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದ ನಂತರ, ವೈದ್ಯರು ಪರೀಕ್ಷಿಸಿದ ಮೇಲೆ ಅನುಮತಿ ಸಿಗುತ್ತದೆ. ಆದರೆ ಆ ಲೆಕ್ಕ ಪವರ್ ಸ್ಟಿಯರಿಂಗ್, ಸೀಟ್ ಬೆಲ್ಟ್ ಇರುವ ಇಂದಿನ ಕಾರುಗಳಿಗೆ ಹೊಂದುವಂಥದ್ದು. ಪದ್ಮಿನಿಯ ಸ್ಟಿಯರಿಂಗನ್ನು ನಿಂತಲ್ಲಿ ತಿರುಗಿಸಲು ಎರಡೂ ತೋಳಿನ ಬಲ ಬೇಕು. ಹಲವು ಹಳೆಯ ಗಾಡಿಗಳಲ್ಲಿ ಬೆಲ್ಟೇ ಇಲ್ಲ. ಢಿಕ್ಕಿಯಾದರೆ ಕುಸಿಯದ ಗಟ್ಟಿ ಸ್ಟಿಯರಿಂಗ್ ದಂಡ ನೇರ ಎದೆಗೆ ಎದುರಾಗಿರುತ್ತದೆ, ಅದೂ ತಂತಿ ಕಟ್ಟಿದ ಎದೆಗೆ. 'ಡಾಕ್ಟರು ಗಾಡಿ ಓಡಿಸಬಹುದು ಅಂದಿದ್ದಾರೆ' ಎನ್ನುವವರು ಯಾವ ಗಾಡಿ ಎಂದು ಡಾಕ್ಟರಿಗೆ ಹೇಳಿರುವುದಿಲ್ಲ. ಮೂರು ತಿಂಗಳು ತುಂಬಿ, ಮೂಳೆ ಕೂಡಿದೆಯೆಂದು ಖಚಿತವಾಗುವವರೆಗೆ ಮೊದಲ ಸವಾರಿಯಲ್ಲಿ ಚಾಲಕನ ಸೀಟು ಮಗನಿಗಿರಲಿ. ಪದ್ಮಿನಿಯ ಮುಂದಿನ ಸೀಟು ಹೇಗೂ ಉದ್ದನೆಯ ಬೆಂಚು, ಪಕ್ಕದಲ್ಲಿ ಕುಳಿತು ಗೇರು ಯಾವಾಗ ಬದಲಿಸಬೇಕೆಂದು ಹೇಳಲು ಜಾಗ ಧಾರಾಳವಾಗಿದೆ.