ಒತ್ತಡ ಕಳೆದರೂ ಭಯ ಉಳಿಯುವುದೇಕೆ?

ಕಷ್ಟದ ದಿನಗಳು ಮುಗಿದ ಮೇಲೂ ಮನಸ್ಸಿನ ಅಳುಕು ಹೋಗದಿರುವುದು ಹಲವರ ಅನುಭವ. ಇದು ಬರಿಯ ಮನೋದೌರ್ಬಲ್ಯವಲ್ಲ. ನರವಿಜ್ಞಾನಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ಮಿದುಳಿನ ರಚನೆಯಲ್ಲೇ ಇದರ ಕುರುಹನ್ನು ತೋರಿಸಿವೆ.

ನೆನಪನ್ನು ರೂಪಿಸುವ ಹಿಪೊಕ್ಯಾಂಪಸ್ ಹಾಗೂ ಭಯವನ್ನು ಗುರುತಿಸುವ ಅಮಿಗ್ಡಲ ಮಿದುಳಿನಲ್ಲಿ ನೆರೆಹೊರೆಯವು. ಆದರೆ ಒತ್ತಡಕ್ಕೆ ಅವು ಸ್ಪಂದಿಸುವ ಬಗೆ ತದ್ವಿರುದ್ಧ. ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಗಳನ್ನು ಅಲುಗಾಡದಂತೆ ಬಂಧಿಸಿಟ್ಟಾಗ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದವು, ಅಮಿಗ್ಡಲದಲ್ಲಿ ಅವು ಬೆಳೆದವು. ಈ ಅಧ್ಯಯನ ಪ್ರಕಟವಾದದ್ದು 2002ರಲ್ಲಿ. ಬಳಿಕ 21 ದಿನ ನೆಮ್ಮದಿಯಿಂದ ಬಿಟ್ಟಾಗ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲ ಮಾತ್ರ ಬೆಳೆದಂತೆಯೇ ಉಳಿಯಿತು. ಇಲಿಗಳ ಆತಂಕವೂ ತಗ್ಗಲಿಲ್ಲ.

2005ರ ಅಧ್ಯಯನ ಇನ್ನೂ ಅಚ್ಚರಿಯದು. ಒಮ್ಮೆ ಮಾತ್ರ, 2 ಗಂಟೆ ಬಂಧಿಸಿದ ಇಲಿಗಳಲ್ಲಿ ಮರುದಿನ ಯಾವ ಬದಲಾವಣೆಯೂ ಇರಲಿಲ್ಲ. 10 ದಿನಗಳ ನಂತರ ಅಮಿಗ್ಡಲದಲ್ಲಿ ನರಕೋಶಗಳು ಪರಸ್ಪರ ಸಂಪರ್ಕಿಸುವ ಸೂಕ್ಷ್ಮ ಮುಳ್ಳುಗಳು ಹೆಚ್ಚಿದ್ದವು, ಆತಂಕವೂ ತಲೆದೋರಿತ್ತು. ಅಪಘಾತ, ಹಿಂಸೆ ಕಂಡವರಲ್ಲಿ ನೋವು ತಡವಾಗಿ ಹೊರಬೀಳುವುದನ್ನು ಇದು ನೆನಪಿಸುತ್ತದೆ.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹಾಗೆಯೇ ಒಪ್ಪದು, ನಿಜ. ಆದರೂ ಆಘಾತದ ಸುಮಾರಿಗೆ ಒತ್ತಡದ ಹಾರ್ಮೋನನ್ನೇ ನೀಡಿದರೆ ಇಲಿಗಳಲ್ಲಿ ಈ ತಡವಾದ ಪರಿಣಾಮವನ್ನು ತಡೆಯಬಹುದೆಂದು ಇದೇ ತಂಡ 2012ರಲ್ಲಿ ವರದಿ ಮಾಡಿತು.